ಟಿವಿಯಲ್ಲಿ ಮಾತಾಡುವ ಭಾವ

ಮೊಬೈಲಿನಲ್ಲಿರುವುದನ್ನು ಟಿವಿಯಲ್ಲಿ ಕಾಣುವ ಹಾಗೆ ಮಾಡಿಕೊಡುವವನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬಿ.ಸಿ.ರೋಡಿನಲ್ಲಿ ನನ್ನದೊಂದು ಸಣ್ಣ ಟಿವಿ ಅಂಗಡಿ. ಮೊದಲು ರಿಪೇರಿ ಮಾಡುತ್ತಿದ್ದೆ. ಈಗ ಯಾರೂ ಟಿವಿ ರಿಪೇರಿ ಮಾಡಿಸುವುದಿಲ್ಲ, ಹೊಸತನ್ನೇ ತರುತ್ತಾರೆ. ನಾನು ಹೋಗಿ ಗೋಡೆಗೆ ಕೂರಿಸಿ ಕೈ ತೊಳೆಯುವ ಹೊತ್ತಿಗೆ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಮೊಬೈಲಿನದ್ದು ಇದರಲ್ಲಿ ಬರ್ತದಾ?" ಬರುತ್ತದೆ. ಸ್ಕ್ರೀನ್ ಮಿರರಿಂಗ್ ಒತ್ತಿದರೆ ಆಯಿತು, ಆಮೇಲೆ ಮೊಬೈಲಿನಲ್ಲಿ ಏನು ಮಾಡಿದರೂ ಟಿವಿಯಲ್ಲಿ ಕಾಣುತ್ತದೆ. ಈ "ಏನು ಮಾಡಿದರೂ" ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆಳಗಿನ ಪ್ರಸಂಗಗಳಲ್ಲಿ ಮೊದಲನೆಯದೊಂದು ಬೇರೆಯವರ ಮನೆಯದು. ಉಳಿದದ್ದೆಲ್ಲ ನನ್ನ ಅಕ್ಕನ ಮನೆಯದು. ನೆನಪಾದರೆ ನಗು ಬರುತ್ತದೆ, ನಕ್ಕು ಮುಗಿಯುವ ಮೊದಲೇ ಕಣ್ಣು ಒರೆಸಿಕೊಳ್ಳಬೇಕಾಗುತ್ತದೆ.

ತೋಡಾರಿನ ಅನ್ನ

ತೋಡಾರಿನಲ್ಲಿ ಒಂದು ಮನೆಗೆ ಟಿವಿ ಕೂರಿಸಿದ್ದೆ. ಯಜಮಾನರಿಗೆ ಬಹಳ ಖುಷಿ. ಆ ಹೊತ್ತಿಗೇ ಇಬ್ಬರು ನೆಂಟರು ಬಂದರು. ಅವರನ್ನು ಸೋಫಾದಲ್ಲಿ ಕುಳ್ಳಿರಿಸಿ, ಮಗಳ ಮದುವೆಯ ಫೋಟೋಗಳನ್ನು ಮೊಬೈಲಿನಿಂದ ಟಿವಿಗೆ ಹಾಕಿ, ಒಂದೊಂದನ್ನೂ ವಿವರಿಸತೊಡಗಿದರು. ನೆಂಟರು ಆಕಳಿಸುತ್ತಾ ಇದ್ದರು, ಫೋಟೋ ಮುಗಿಯುವ ಲಕ್ಷಣ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಗಂಡನಿಗೆ ಕಳಿಸಿದ ವಾಟ್ಸಾಪ್ ಟಿವಿ ಪರದೆಯ ಮೇಲ್ತುದಿಯಲ್ಲಿ ಉದ್ದಕ್ಕೆ ಮೂಡಿತು: "ಇವರು ಏಳುವ ಹಾಗೆ ಕಾಣುವುದಿಲ್ಲ. ಅನ್ನಕ್ಕೆ ಇಡಬೇಕಾ?"

ಯಜಮಾನರು ಮೊಬೈಲನ್ನು ಲುಂಗಿಯಲ್ಲಿ ಮುಚ್ಚಿಕೊಂಡರು. ಮುಚ್ಚಿದರೆ ಟಿವಿಯಲ್ಲಿ ಇದ್ದದ್ದು ಎಲ್ಲಿಗೆ ಹೋಗುತ್ತದೆ? ನೆಂಟರಲ್ಲಿ ಹಿರಿಯರು ನಿಧಾನಕ್ಕೆ ಎರಡೆರಡು ಸಲ ಓದಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಇಡಿ ಅಕ್ಕ, ಇಡಿ. ನಿಮ್ಮ ಯಜಮಾನರು ಬಿಟ್ಟರೆ ತಾನೇ ನಾವು ಏಳುವುದು!"

ಚಾ

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೈಕಿನ ಮನುಷ್ಯ. ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳಿಗೆ ವೀಕ್ಷಕ ವಿವರಣೆ, ಮದುವೆ ಹಾಲ್‌ಗಳಲ್ಲಿ ನಿರೂಪಣೆ. ಯಾರಾದರೂ ತೀರಿಕೊಂಡರೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಸತ್ತವರ ಬಗ್ಗೆ ನುಡಿನಮನ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವರಿಂದ ಹೊಗಳಿಸಿಕೊಳ್ಳದೆ ಸತ್ತವರು ಕಡಿಮೆ.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟ ಅದರಲ್ಲೇ. ಮನೆಗೆ ಬಂದ ಮೇಲೆ ಹೇಳಬೇಕಾದದ್ದನ್ನು ಮೊಬೈಲಿನಲ್ಲಿ ಬರೆದು ಅಕ್ಕನಿಗೆ ತೋರಿಸುತ್ತಿದ್ದರು. ಅಕ್ಕನಿಗೆ ಕನ್ನಡಕ ಇಲ್ಲದೆ ಓದಲಾಗುವುದಿಲ್ಲ, ಕನ್ನಡಕ ಇಟ್ಟಲ್ಲಿ ಇರುವುದಿಲ್ಲ. ಅವಳು ಅದನ್ನು ಹುಡುಕಿ ತರುವಷ್ಟರಲ್ಲಿ ಭಾವನ ಸಿಟ್ಟು ಆರಿ ಹೋಗಿರುತ್ತಿತ್ತು. ಸಿಟ್ಟನ್ನೂ ಮಾಡಲಾಗದ ಗಂಡಸು ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ನಾನು ಒಂದು ದಿನ ಹೋಗಿ ಅವರ ಮೊಬೈಲನ್ನು ಟಿವಿಗೆ ಕನೆಕ್ಟ್ ಮಾಡಿ, ಅಕ್ಷರವನ್ನು ಆಗುವಷ್ಟು ದೊಡ್ಡದು ಮಾಡಿಟ್ಟೆ. ಅಕ್ಕ ನೆಲದಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದಳು. ಭಾವ ಸಂಶಯದಿಂದಲೇ ಬರೆದರು: "ಚಾ." ಟಿವಿಯ ಈ ಕೊನೆಯಿಂದ ಆ ಕೊನೆಯವರೆಗೆ ಬರೀ ಚಾ.

ಅಕ್ಕ ತಲೆ ಎತ್ತಿ ನೋಡಿ ಗದರಿದಳು, "ಯಾಕೆ ಹಾಗೆ ಬೊಬ್ಬೆ ಹಾಕ್ತೀರಿ? ನನಗೇನು ಕಿವಿ ಕೇಳುವುದಿಲ್ವಾ?"

ಭಾವನ ಕಣ್ಣಲ್ಲಿ ನೀರು ಬಂತು. ಬೊಬ್ಬೆ ಹಾಕಬೇಡಿ ಎಂದು ಅವರಿಗೆ ಯಾರೂ ಹೇಳದೆ ತಿಂಗಳುಗಳೇ ಆಗಿದ್ದವು. ಅವರು ಮತ್ತೊಮ್ಮೆ ಬರೆದರು: "ಸಕ್ಕರೆ ಹಾಕು." ಅಕ್ಕ ಹಾಕಲಿಲ್ಲ.

ರಿಮೋಟು

ಅಲ್ಲಿಂದ ಆ ಮನೆಯಲ್ಲಿ ಮೊದಲಿನ ಹಾಗೆ ಜಗಳ ಶುರುವಾಯಿತು. ಭಾವ ಸಾರಿಗೆ ಉಪ್ಪಿಲ್ಲ ಎಂದು ಟಿವಿಯಲ್ಲಿ ಬರೆಯುವುದು, ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಉತ್ತರ ಕೊಡುವುದು. ನೆಂಟರು, ನೆರೆಕರೆಯವರು ಬಂದಾಗ ಭಾವನ ಹತ್ತಿರ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಮಾತಾಡುತ್ತಿದ್ದರು. ಅಕ್ಕ ಮಾತ್ರ ದನಿ ಇದ್ದಾಗ ಹೇಗೆ ಮಾತಾಡುತ್ತಿದ್ದಳೋ ಹಾಗೇ.

ಒಂದು ವ್ಯತ್ಯಾಸ ಇತ್ತು. ಮೈಕು ಹಿಡಿದ ಭಾವನನ್ನು ನಿಲ್ಲಿಸಲು ಯಾರಿಂದಲೂ ಆದದ್ದಿಲ್ಲ, ವಧೂವರರೇ ಹಸಿದು ಕುಳಿತದ್ದುಂಟು. ಈಗ ಅಕ್ಕನ ಕೈಯಲ್ಲಿ ರಿಮೋಟು! ಭಾವನ ವಾದ ಜೋರಾಗುತ್ತಾ ಬಂದು, ಇನ್ನೇನು ಅವರು ಗೆಲ್ಲುತ್ತಾರೆ ಎನ್ನುವಾಗ ಅಕ್ಕ ಗುಂಡಿ ಒತ್ತಿ ಧಾರಾವಾಹಿ ಹಾಕಿ ಕುಳಿತುಬಿಡುತ್ತಿದ್ದಳು.

ಒಮ್ಮೆ ನಾನು ಕಲ್ಲಡ್ಕದಲ್ಲಿ ಏಣಿಯ ಮೇಲೆ ನಿಂತು ಗೋಡೆಗೆ ತೂತು ಕೊರೆಯುತ್ತಿದ್ದಾಗ ಭಾವನಿಂದ ಮೆಸೇಜು ಬಂತು: "ನಿನ್ನ ಅಕ್ಕ ನನ್ನನ್ನು ಆಫ್ ಮಾಡಿದ್ದಾಳೆ. ಕೂಡಲೇ ಬಾ."

ಮಂಗ

ಇದನ್ನು ನಗುವ ಪ್ರಸಂಗಗಳ ಸಾಲಿನಲ್ಲಿ ಇಡಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬಿಟ್ಟರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಕಾಯಿಲೆ ಇದ್ದದ್ದು ಭಾವನಿಗೆ, ಹೋದದ್ದು ಅಕ್ಕ. ಒಂದು ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಭಾವ ಜಗಲಿಯಿಂದ ನೋಡಿದರು, ಓಡಿ ಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಾಯಿ ತೆರೆದರು. ಮೈದಾನದ ಆಚೆ ಬದಿಗೂ ಕೇಳುತ್ತಿದ್ದ ಮನುಷ್ಯನಿಂದ ಪಕ್ಕದ ಮನೆಯವರನ್ನು ಕರೆಯಲು ಆಗಲಿಲ್ಲ. ಫೋನು ಮಾಡಿದರೂ ಮಾತಾಡುವುದು ಯಾರು? ಅವಳನ್ನು ಬಿಟ್ಟು ಬೇಲಿಯ ಆಚೆ ಓಡಲು ಮನಸ್ಸು ಬರಲಿಲ್ಲ. ಒಳಗೆ ಹೋಗಿ ಬಟ್ಟಲು ತಂದು ಸೌಟಿನಿಂದ ಬಡಿಯತೊಡಗಿದರು.

ನಮ್ಮ ಕಡೆ ಬಟ್ಟಲು ಬಡಿದರೆ ಅದಕ್ಕೆ ಒಂದೇ ಅರ್ಥ: ತೆಂಗಿನ ಮರಕ್ಕೆ ಮಂಗ ಬಂದಿದೆ. ಒಬ್ಬರ ಮನೆಯಲ್ಲಿ ಬಡಿದರೆ ಮಂಗಗಳು ಇನ್ನೊಬ್ಬರ ತೋಟಕ್ಕೆ ಹಾರುತ್ತವೆ, ಆದ್ದರಿಂದ ಅವರೂ ಬಡಿಯಬೇಕು. ಪಕ್ಕದ ಮನೆಯವರು ಡಬ್ಬ ತಂದು ಬಡಿದರು. ಭಾವ ಇನ್ನೂ ಜೋರಾಗಿ ಬಡಿದರು. ಅವರು ಅದಕ್ಕಿಂತ ಜೋರಾಗಿ. ಹಾಗೆ ಎರಡೂ ಮನೆಯವರು ಬಡಿಯುತ್ತಲೇ ಇದ್ದರು, ನಡುವೆ ಅಂಗಳದಲ್ಲಿ ನನ್ನ ಅಕ್ಕ.

ಕಡೆಗೆ ಅವರು ಡಬ್ಬ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದು ಕೇಳಿದರು, "ಹೋಯ್ತಾ?"

ಭಾವ ತಲೆ ಆಡಿಸಿದರು. ಹೋಗಿತ್ತು.

ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆ ನೆರೆಯವರು ಈಗ ಮಂಗ ಬಂದರೂ ಡಬ್ಬ ಬಡಿಯುವುದಿಲ್ಲ. ಅವರ ತೆಂಗಿನಕಾಯಿಗಳನ್ನು ಮಂಗಗಳೇ ತಿನ್ನುತ್ತವೆ.

ನುಡಿನಮನ

ಅಕ್ಕನ ತವರಿನ ಕಡೆಯವರು, ಅಂದರೆ ನಮ್ಮವರೆಲ್ಲ, ಮೂಡುಬಿದಿರೆಯವರು. ಉತ್ತರಕ್ರಿಯೆಯನ್ನು ಅಲ್ಲಿಯ ಒಂದು ಹಾಲ್‌ನಲ್ಲಿ ಇಟ್ಟುಕೊಂಡೆವು. ನುಡಿನಮನಕ್ಕೆ ಯಾರನ್ನು ಕರೆಯುವ ಎಂದು ಮಾತು ಬಂದಾಗ ಭಾವ ಎದೆ ಮುಟ್ಟಿ ತೋರಿಸಿದರು. ಊರಿನ ಸತ್ತವರಿಗೆಲ್ಲ ಮಾತಾಡಿದವರು ಸ್ವಂತ ಹೆಂಡತಿಗೆ ಮಾತಾಡದೆ ಇರುವುದು ಹೇಗೆ? ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಅಂಗಡಿಯಿಂದ ದೊಡ್ಡ ಟಿವಿ ತಂದು ವೇದಿಕೆಯಲ್ಲಿ ಇಟ್ಟೆ. ಭಾವ ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಬರೆಯುವುದು, ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವಾದ್ದರಿಂದ ನಾನು ಟಿವಿ ನೋಡಿ ಮೈಕಿನಲ್ಲಿ ಓದುವುದು ಎಂದಾಯಿತು. ಬರೆಯುವಾಗ ಅಳಿಸಿದ್ದೂ ಕಾಣುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಭಾವ ಅಭ್ಯಾಸಬಲದಿಂದ ಶುರುಮಾಡಿದರು. "ಸರಳ ಸಜ್ಜನಿಕೆಯ." ಓದಿದೆ. "ಮಿತಭಾಷಿ." ಅದನ್ನೂ ಓದಿದೆ. ಭಾವನ ಬೆರಳು ನಿಂತಿತು. ಒಂದೊಂದೇ ಅಕ್ಷರ ಹಿಂದಕ್ಕೆ ಹೋಗಿ ಮಿತಭಾಷಿ ಮಾಯವಾಯಿತು. ಮಹಿಳೆಯರ ಕಡೆಯಿಂದ ಕಿಸಕ್ಕೆಂದು ಒಂದು ಶಬ್ದ ಬಂತು. "ಅಜಾತಶತ್ರು," ನಾನು ಗಂಭೀರವಾಗಿ ಓದಿದೆ. ಅದೂ ಅಳಿಯಿತು. ಮೈಕಿನಲ್ಲಿ ಹೇಳಿದ್ದನ್ನು ಅಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಈಗ ಇಡೀ ಸಭೆ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿತ್ತು.

ಭಾವ ಎಲ್ಲವನ್ನೂ ಅಳಿಸಿದರು. ಖಾಲಿಯಾದ ಟಿವಿಯಲ್ಲಿ ಹೊಸದಾಗಿ ಬರೆದರು:

"ನನ್ನ ದನಿ ಹೋದ ಮೇಲೆ ಎಲ್ಲರೂ ಪಾಪ ಎಂದು ನನ್ನ ಹತ್ತಿರ ಜಗಳ ಬಿಟ್ಟರು. ಇವಳೊಬ್ಬಳು ಬಿಡಲಿಲ್ಲ. ಅದಕ್ಕೇ ನಾನು ಬದುಕಿದೆ. ಇನ್ನು ನನ್ನ ಹತ್ತಿರ ಜಗಳ ಮಾಡುವವರು ಯಾರೂ ಇಲ್ಲ."

ಕೊನೆಯ ಸಾಲನ್ನು ನಾನು ಹೇಗೆ ಓದಿದೆನೋ ಗೊತ್ತಿಲ್ಲ. ಅವಳು ಭಾವನಿಗೆ ಹೆಂಡತಿಯಾದರೆ ನನಗೆ ಅಕ್ಕ ಅಲ್ಲವೇ? ಕಣ್ಣು, ಮೂಗು ಎಲ್ಲ ಒಟ್ಟಿಗೆ ಸುರಿಯುತ್ತಿತ್ತು. ಸಭೆಯಲ್ಲೂ ಎಲ್ಲರೂ ಅಳುತ್ತಿದ್ದರು. ಟಿವಿಯಲ್ಲಿ ಮತ್ತೆ ಅಕ್ಷರ ಮೂಡಿತು. ನಾನು ಓದುತ್ತಾ ಬಂದವನು, ಅದನ್ನೂ ನಡುಗುವ ದನಿಯಲ್ಲಿ, ಭಕ್ತಿಯಿಂದ, ಮೈಕಿನಲ್ಲಿ ಓದಿದೆ:

"ಮೂಗು ಒರೆಸಿಕೋ ಮಾರಾಯ, ನೋಡಲಿಕ್ಕೆ ಆಗುವುದಿಲ್ಲ."

ಅದು ನನಗೆ ಬರೆದದ್ದು. ಸಭೆಗೆ ಅದು ಹೇಗೆ ಗೊತ್ತಾಗಬೇಕು? ಎದುರಿನ ಸಾಲಿನ ಹಿರಿಯರು ಹೆಗಲಿನ ಬೈರಾಸು ಟವೆಲು ತೆಗೆದರು. ಅವರನ್ನು ನೋಡಿ ಹಿಂದಿನವರು ಕರ್ಚೀಫು, ಸೆರಗು, ಸಿಕ್ಕಿದ್ದನ್ನು ಹಿಡಿದರು. ಇಡೀ ಹಾಲ್ ಒಟ್ಟಿಗೆ, ಶಿಸ್ತಿನಲ್ಲಿ, ಮೂಗು ಒರೆಸಿಕೊಂಡಿತು.

ಭಾವ ತಿರುಗಿ ನೋಡಿದರು. ಅವರ ಹೆಗಲು ಕುಣಿಯತೊಡಗಿತು. ಸದ್ದಿಲ್ಲದೆ ನಗುತ್ತಿದ್ದರು, ಕಣ್ಣೀರು ಗಲ್ಲದಿಂದ ಇಳಿದು ಮೊಬೈಲಿನ ಮೇಲೆ ಬೀಳುತ್ತಿತ್ತು. ಅದನ್ನು ಅಂಗಿಯಲ್ಲಿ ಉಜ್ಜಿಕೊಂಡು ಬರೆದರು. ನಾನು ಅದನ್ನೂ ಓದಿದೆ:

"ಇಷ್ಟು ವರ್ಷ ಮೈಕು ಹಿಡಿದು ಬೊಬ್ಬೆ ಹಾಕಿದೆ. ನಾನು ಹೇಳಿದ್ದನ್ನು ಒಂದು ಸಭೆ ಮಾಡಿದ್ದು ಇವತ್ತೇ ಮೊದಲು."