ಮೀಸೆ ಪಣಕ್ಕಿಟ್ಟ ಭಾವ

ಇದನ್ನು ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪೆನ್ನು ಸಿಕ್ಕಾಗ ಕನ್ನಡಕ ಸಿಗಲಿಲ್ಲ. ಎರಡೂ ಸಿಕ್ಕ ದಿನ ಧೈರ್ಯ ಸಿಗಲಿಲ್ಲ. ಇವತ್ತು ಹೇಳಿಬಿಡುತ್ತೇನೆ. ಫುಟ್‌ಬಾಲಿಗೆ ಬಾಜಿ ಕಟ್ಟುವವರು ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೇ ಬೇಸಿಗೆಯಲ್ಲಿ, ಒಬ್ಬರೇ ಮಾಡಿ ಮುಗಿಸಿದ ಮಹಾಪುರುಷರು ನನ್ನ ಅಕ್ಕನ ಗಂಡ! ಅವರ ಹೆಸರು... ಬೇಡ. ಭಾವ ಅಂದರೆ ಸಾಕು.

ಎಪ್ಪತ್ನಾಲ್ಕರ ವಿಶ್ವಕಪ್ಪಿನ ಕಾಲ. ಭಾವ ಮೈಸೂರಿನವರು, ಅಮೆರಿಕದ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ. ಬರೀ ಹೈಸ್ಕೂಲು ಓದಿದ್ದ ನನ್ನನ್ನು ಕರೆಸಿಕೊಂಡು, ಬೇಸ್‌ಮೆಂಟಿನಲ್ಲಿ ಹಾಸಿಗೆ ಕೊಟ್ಟು, ಗೋದಾಮಿನಲ್ಲಿ ಕೆಲಸ ಕೊಡಿಸಿದವರು. ಸೇತುವೆ ಕಟ್ಟುವ ಇಂಜಿನಿಯರು. ಅವರ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಬಾಜಿಯಲ್ಲಿ ಮಾತ್ರ ಲೆಕ್ಕವೇ ಇರಲಿಲ್ಲ!

ಮೊದಲು ಅವರು ಹಿಡಿದದ್ದು ಹೈಟಿಯನ್ನು. ಕಾರಣ? "ಪಾಪ ಕಣೋ, ಚಿಕ್ಕ ದೇಶ!" ಹೈಟಿ ಸೋತಿತು. "ಇಷ್ಟು ಸೋತವರು ನಾಳೆ ಗೆಲ್ಲಲೇಬೇಕಲ್ಲ!" ಮತ್ತೆ ಏಳು ಗೋಲು ತಿಂದು ಸೋತಿತು. ಮೂರನೆಯ ಸಲವೂ ಬಿಡಲಿಲ್ಲ. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕೆಂಬುದು ನಮ್ಮಿಬ್ಬರ ಬಾಜಿಯ ನಿಯಮ. ಆ ತಿಂಗಳು ಹೈಟಿಯ ಮೇಲೆ ನನ್ನ ಅಕ್ಕನಿಗಿದ್ದಷ್ಟು ಪ್ರೀತಿ ಹೈಟಿಯವರಿಗೂ ಇದ್ದಿರಲಾರದು.

ಫೈನಲ್ಲಿಗೆ ಹಾಲೆಂಡ್ ಮತ್ತು ಪಶ್ಚಿಮ ಜರ್ಮನಿ. ಆಟ ನಡೆದದ್ದು ಭಾನುವಾರ. ನಮ್ಮ ಟೀವಿಯಲ್ಲಿ ಅದರ ರೆಕಾರ್ಡಿಂಗ್ ಬರುವುದು ಮುಂದಿನ ಶನಿವಾರ. "ನಾವು ನೋಡೋವರೆಗೂ ಆಟ ನಡೆದೇ ಇಲ್ಲ, ತಿಳೀತಾ? ಇಬ್ಬರೂ ಸುದ್ದಿ ಕೇಳಕೂಡದು," ಎಂದು ಭಾವ ನನ್ನಿಂದ ಆಣೆ ಹಾಕಿಸಿಕೊಂಡರು. ಆ ಕಾಲದ ಅಮೆರಿಕದಲ್ಲಿ ಫುಟ್‌ಬಾಲ್ ಸುದ್ದಿ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೂ ಭಾವ ವಾರವಿಡೀ ಕಿವಿಗೆ ಹತ್ತಿ ಇಟ್ಟುಕೊಂಡೇ ಆಫೀಸಿಗೆ ಹೋದರು!

ನಾನೋ? ಸೋಮವಾರ ಬೆಳಿಗ್ಗೆಯೇ ಗೋದಾಮಿನ ಜರ್ಮನ್ ಮೇಸ್ತ್ರಿ ನನ್ನನ್ನು ಅಪ್ಪಿಕೊಂಡು ಕುಣಿದಿದ್ದ. ಎರಡು–ಒಂದು, ಜರ್ಮನಿ.

ಶನಿವಾರ ಭಾವ ಘೋಷಿಸಿದರು: "ನನ್ನದು ಹಾಲೆಂಡು. ಅಂಗಿ ನೋಡೋ, ಕೇಸರಿಬಾತಿನ ಬಣ್ಣ!"

"ಆಟ ನಡೆದಿದ್ದು ಹೋದ ಭಾನುವಾರ ಸಂಜೆ ಭಾವ, ಜರ್ಮನೀಲಿ ಅದು ರಾಹುಕಾಲ."

"ಅದು ಆಡೋರಿಗೆ. ಬಾಜಿ ಕಟ್ಟಿರೋನು ನ್ಯೂಜೆರ್ಸೀಲಿದ್ದಾನೆ! ಸೋತರೆ ಮೀಸೆ ತೆಗೀತೀನಿ."

ಅಡುಗೆಮನೆಯಿಂದ ಅಕ್ಕ ಓಡಿಬಂದಳು. "ರೀ, ಬಿಡ್ತು ಅನ್ನಿ! ಮಾವ ಇನ್ನೂ ಇದಾರೆ!" ನಮ್ಮಲ್ಲಿ ಗಂಡಸು ಮೀಸೆ ತೆಗೆಯುವುದು ತಂದೆ ತೀರಿಕೊಂಡಾಗ.

"ಸೋತರೆ ತಾನೇ ಕಣೇ!"

ಆಗಲೇ ಹೇಳಿಬಿಡಬಹುದಿತ್ತು. ಆದರೆ ಹೈಸ್ಕೂಲಿನವನು ಇಂಜಿನಿಯರನ ಮೀಸೆ ಇಳಿಸಿದ ಎನ್ನಿಸಿಕೊಳ್ಳುವ ಚಪಲ. "ಆಗಲಿ ಭಾವ," ಎಂದೆ.

ಎರಡನೇ ನಿಮಿಷಕ್ಕೇ ಹಾಲೆಂಡ್ ಗೋಲು! ಭಾವ ಸೋಫಾ ಹತ್ತಿ ಕುಣಿದರು, ಗೆದ್ದೆವೆಂದು ಕೇಸರಿಬಾತ್ ಹಂಚಿಸಿದರು. ಆಟ ಮುಗಿದಾಗ ಟೀವಿ ಆರಿಸಿ ಬಚ್ಚಲಿಗೆ ನಡೆದರು. ಅಕ್ಕ ಅಡ್ಡ ನಿಂತಳು, ಅತ್ತಳು. "ಮಾತು ಮಾತೇ ಕಣೇ," ಎಂದರು.

ಮರುದಿನವೇ ಪಕ್ಕದ ಬೀದಿಯ ಕನ್ನಡದ ಆಂಟಿ ಹಣ್ಣಿನ ಚೀಲ ಹಿಡಿದು, ಮುಖ ಸಪ್ಪೆ ಮಾಡಿಕೊಂಡು ಬಂದರು. "ಎಷ್ಟು ವಯಸ್ಸಾಗಿತ್ತು ನಿಮ್ಮ ತಂದೆಗೆ?"

"ಅವರು ಗಟ್ಟಿಯಾಗಿದಾರೆ. ಹೋಗಿದ್ದು ಹಾಲೆಂಡು ಕಣ್ರೀ!"

ನಗುತ್ತಾ ನಗುತ್ತಾ ಎರಡು ವಾರ ಕಳೆದೆವು. ಮೂರನೆಯ ವಾರ ಮೈಸೂರಿನಿಂದ ತಂತಿ ಬಂತು. ಭಾವನ ತಂದೆ ಹೋಗಿಬಿಟ್ಟಿದ್ದರು.

ಭಾವ ಕನ್ನಡಿಯ ಮುಂದೆ ರೇಜರ್ ಹಿಡಿದು ನಿಂತಿದ್ದರು. ತುಟಿಯ ಮೇಲೆ ಬರೀ ಚಿಗುರು. "ಅಪ್ಪನಿಗೆ ಕೊಡಬೇಕಾದ್ದನ್ನ ಆಟಕ್ಕೆ ಕೊಟ್ಟುಬಿಟ್ಟೆನಲ್ಲೋ," ಎಂದರು. ನಾನು ಬಿಸಿನೀರು ತಂದುಕೊಟ್ಟೆ. ಅಷ್ಟೇ ಮಾಡಿದ್ದು. ಆಮೇಲೆ ಅವರು ಮೀಸೆ ಬಿಡಲೇ ಇಲ್ಲ.

ಅವರ ಬಾಜಿಯ ತಪ್ಪುಗಳನ್ನೆಲ್ಲ ಎಷ್ಟೋ ಊಟದ ಪಂಕ್ತಿಯಲ್ಲಿ ಹೇಳಿ ನಗಿಸಿದ್ದೇನೆ. ಕೊನೆಯದೊಂದನ್ನು ಬಿಟ್ಟು: ಎದುರಿಗೆ ಕೂತವನನ್ನು ನಂಬಿದ್ದು. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಈಗ ಕೇಳಲು ಅವರಿಲ್ಲ. ಆದರೂ ಹೇಳುತ್ತೇನೆ.

ಭಾವ, ನನಗೆ ಸೋಮವಾರವೇ ಗೊತ್ತಿತ್ತು.