ಇಪ್ಪತ್ತೈದು ರೂಪಾಯಿಯ ಕಿವಿಗೆ

ಬಂದರಕೇರಿ ಪುರಸಭೆಯ ಅಧ್ಯಕ್ಷರ ಸನ್ನಿಧಾನಕ್ಕೆ, ಚಪ್ಪಲಿ ಹೊರಗೆ ಬಿಟ್ಟು, ತಲೆಯ ಮುಂಡಾಸು ಕಂಕುಳಲ್ಲಿಟ್ಟುಕೊಂಡು ಮಾಡುವ ಅರಿಕೆ.

ಮಾನ್ಯರೇ,

ಹೊನ್ನಾವರಕ್ಕೂ ಕುಮಟೆಗೂ ನಡುವೆ ಹೀಗೊಂದು ಊರಿದೆಯೆಂಬುದು ಬಸ್ಸಿನ ಡ್ರೈವರನಿಗೇ ಮರೆತುಹೋಗುವಂಥ ನಮ್ಮೂರಿಗೆ ಪಟ್ಟಣ ಸುಧಾರಣೆಯ ನಕ್ಷೆ ಮಾಡಿಸಿ, ಅದನ್ನು ಕಚೇರಿಯ ಗೋಡೆಗೆ ತೂಗಿಸಿ ನಮ್ಮನ್ನು ಉದ್ಧರಿಸಿದ್ದಕ್ಕೆ ಮೊದಲು ವಂದನೆ. ಆ ನಕ್ಷೆಯಲ್ಲಿ ನಮ್ಮ ಕೇರಿ ಇರುವ ಜಾಗಕ್ಕೆ ಹಸಿರು ಬಣ್ಣ ಬಳಿದು 'ಉದ್ಯಾನವನ' ಎಂದು ಬರೆಸಿದ್ದೀರಿ. ನಾವೆಲ್ಲ ಹುಟ್ಟಿದ್ದೇ ಉದ್ಯಾನವನದಲ್ಲಿ ಎಂಬ ಸಂಗತಿ ಇಷ್ಟು ವರ್ಷ ನಮಗೆ ತಿಳಿದಿರಲಿಲ್ಲ.

ಈಗ ಸುಕ್ರಿಯ ವಿಷಯ. ಪೇಟೆಯಲ್ಲಿ ಹರಿವೆ, ಮೂಲಂಗಿ ಮಾರುವ ಈ ಹೆಂಗಸು, ಕೇರಿಯ ಎಲ್ಲರಂತೆ, ಪ್ರತಿ ಬೇಸಗೆಯ ಕೊನೆಗೆ ಮನೆಯ ಮಾಡಿನಿಂದ ಕೊಳೆತ ತೆಂಗಿನ ಮಡಲನ್ನು ಇಳಿಸಿ, ಹೊಸದಾಗಿ ಹೆಣೆದ ಮಡಲು ಹೊದಿಸುತ್ತಾಳೆ. ಅವಳ ಅಜ್ಜಿಯೂ ಹೊದಿಸಿದ್ದಳು. ತಮ್ಮ ಹೊಸ ನಿಯಮದ ಪ್ರಕಾರ ಇದು 'ನೂತನ ನಿರ್ಮಾಣ'ವಂತೆ, ಉದ್ಯಾನವನದಲ್ಲಿ ಅದಕ್ಕೆ ಅಪ್ಪಣೆಯಿಲ್ಲವಂತೆ. ಹಳೆಯ ಮಡಲು ಪೂರ್ತಿ ಇಳಿಸಿದ ಮರುದಿನ ತಮ್ಮ ಜವಾನ ಹೀಗೆಂದು ಬರೆದ ಚೀಟಿ ತಂದುಕೊಟ್ಟ. ಹೀಗಾಗಿ ಅವಳ ಮನೆಗೆ ಸದ್ಯ ನಾಲ್ಕು ಗೋಡೆ ಮತ್ತು ಆಕಾಶ ಇವೆ. ಮಳೆ ಮಾತ್ರ ತಮ್ಮ ಅಪ್ಪಣೆಗೆ ಕಾಯದೆ ಬರಲಿದೆ.

ಕಚೇರಿಗೆ ಹೋದ ಸುಕ್ರಿ, ತಮ್ಮ ಗುಮಾಸ್ತ ಕೃಷ್ಣಾನಂದರ ಮುಂದೆ ನಿಂತು, "ಸೀರೆ ಬದ್ಲ್ಸದ್ರೆ ಹೆಂಗಸು ಹೊಸ್ದಾತದ್ಯಾ, ಒಡ್ಯಾ?" ಎಂದು ಕೇಳಿದಳು. ಕೃಷ್ಣಾನಂದರು ಸಜ್ಜನರು. "ಪ್ರಶ್ನೆ ಅಡ್ಡಿಲ್ಲ ಸುಕ್ರಿ, ಆದ್ರೆ ಅದನ್ನ ಇಪ್ಪತ್ತೈದು ರೂಪಾಯಿ ಕಟ್ಟಿ ಕೇಳ್ಬೇಕು" ಎಂದರು. ಮೇಲ್ಮನವಿಯ ಶುಲ್ಕ ಅಷ್ಟಂತೆ. ಗೆದ್ದರೂ ವಾಪಸು ಇಲ್ಲವಂತೆ. ಸುಕ್ರಿಯ ಇಡೀ ಮಾಡಿಗೆ ಅದರ ಅರ್ಧವೂ ಖರ್ಚಾಗುವುದಿಲ್ಲ. ಅಂದರೆ ತಮ್ಮ ಕಿವಿ ಅವಳ ಮನೆಗಿಂತ ದುಬಾರಿ; ಅಂಥ ಕಿವಿ ಪಡೆದ ಊರು ನಮ್ಮದೆಂದು ಹೆಮ್ಮೆಪಡುತ್ತೇವೆ.

ಶುಲ್ಕದಲ್ಲಿ ತಾವು ಭೇದ ಮಾಡಿಲ್ಲವೆಂಬುದನ್ನೂ ಒಪ್ಪಲೇಬೇಕು. ತೋಟದ ಧಣಿ ಹರಿಹರಯ್ಯನವರು ಮಾಳಿಗೆಯನ್ನು ಬೀದಿಯ ಮೇಲಕ್ಕೆ ಚಾಚಿದಾಗ ಅವರೂ ಇಪ್ಪತ್ತೈದೇ ಕಟ್ಟಿದರು, ಎಲೆಯಡಿಕೆ ಸಂಚಿಯಿಂದ ತೆಗೆದು, ಬಾಯಲ್ಲಿದ್ದ ಕವಳ ಉಗುಳದೆ. ತಮ್ಮ ಕಮಿಟಿ ಕೇಳಿತು, ಒಪ್ಪಿತು, ಈಗ ಬೀದಿಗೆ ನೆರಳಾಗಿದೆ. ಆನೆಗೂ ಇರುವೆಗೂ ಒಂದೇ ಅಳತೆಯ ಬಾಗಿಲು ಮಾಡಿಸಿ, ಅಗಳಿಯನ್ನು ಮಾತ್ರ ಆನೆಯ ಎತ್ತರಕ್ಕೆ ಇಡಿಸಿದ ಸಮಾನತೆ ಇದು.

ಕರ ಕೊಡುವುದಿಲ್ಲವೆಂದು ಹಿಂಡಲಗಿ ಜೈಲಿಗೆ ಹೋಗಿಬಂದವನು ನಾನು. ಬಿಳಿಯರು ನಮ್ಮ ದೂರು ಕೇಳಲಿಲ್ಲ, ನಿಜ. ಆದರೆ ಕೇಳದೆ ಇರುವುದಕ್ಕೆ ಮುಂಗಡ ಹಣ ಪಡೆಯಬಹುದೆಂಬುದು ಆ ದಡ್ಡರಿಗೆ ಹೊಳೆದಿರಲಿಲ್ಲ. ಅದಕ್ಕೆ ಸ್ವರಾಜ್ಯವೇ ಬರಬೇಕಾಯಿತು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಐದು ರೂಪಾಯಿ ಪಡೆದು ಸುಕ್ರಿಯ ಅಹವಾಲಿನ ಐದನೇ ಒಂದು ಪಾಲನ್ನಾದರೂ, ಗೋಡೆಯ ತನಕದ್ದು, ಕೇಳುವ ಕೃಪೆಯಾಗಲಿ. ಅದೂ ಆಗದಿದ್ದರೆ, ಅರಬ್ಬೀ ಸಮುದ್ರಕ್ಕೊಂದು ಆಜ್ಞೆ ಹೊರಡಿಸಿ, ಅರ್ಜಿ ಇತ್ಯರ್ಥವಾಗುವವರೆಗೆ ಉದ್ಯಾನವನದ ಮೇಲೆ ಮೋಡ ಬಾರದಂತೆ ತಡೆಯಬೇಕು. ಮೋಡಕ್ಕೆ ತಕರಾರಿದ್ದರೆ ಅದೂ ಇಪ್ಪತ್ತೈದು ರೂಪಾಯಿ ಕಟ್ಟಲಿ.

ಶುಲ್ಕ ಕಟ್ಟದೆಯೇ ಇಷ್ಟುದ್ದ ಮಾತಾಡಿದ್ದಕ್ಕೆ ಕ್ಷಮೆ ಬೇಡುವ,
ತಮ್ಮ ವಿಶ್ವಾಸಿ,
ರಮಾನಂದ
ಬಂದರಕೇರಿ, ಮೇ ೧೯೬೧

ತಾಜಾಕಲಂ: ಲಕೋಟೆಗೆ ಗೋಂದು ಹಚ್ಚುವ ಮೊದಲು ಸಣ್ಣದೊಂದು ಸುದ್ದಿ ಸೇರಿಸಬೇಕಾಗಿದೆ. ಮಾಡು ಹೊದಿಸುವಾಗ ಒಬ್ಬರ ಮನೆಗೆ ಉಳಿದವರೆಲ್ಲ ಕೂಲಿಯಿಲ್ಲದೆ ಮುಯ್ಯಾಳಾಗಿ ಕೂಡುವುದು ನಮ್ಮ ಕೇರಿಯ ಪದ್ಧತಿ. ನಿನ್ನೆ ಭಾನುವಾರ ಹಾಗೆಯೇ ಕೂಡಿ, ಮನೆಗೊಂದು ಹೊರೆ ಮಡಲು ತಂದು, ಸುಕ್ರಿಯ ಮಾಡು ಹೊದಿಸಿಯಾಯಿತು. ಯಾವ ಕಟ್ಟು ಯಾರ ಕೈಯದೆಂದು ಹೇಳಲು ಬರುವುದಿಲ್ಲವಾದ್ದರಿಂದ ತಾವು ಕೇರಿಯ ಪ್ರತಿಯೊಬ್ಬರಿಗೂ ಬೇರೆಬೇರೆ ನೋಟೀಸು ಕೊಡಬೇಕಾದೀತು. ದಯಮಾಡಿ ಬೇಗ ಕೊಡಿ. ತಮ್ಮ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ: ಮೇಲ್ಮನವಿಗೆ ಶುಲ್ಕವುಂಟು, ನೋಟೀಸಿಗೆ ಉತ್ತರ ಹೇಳಲು ಒಂದು ಪೈಸೆಯೂ ಇಲ್ಲ. ಎಲ್ಲರೂ ಬಂದು ಒಬ್ಬೊಬ್ಬರಾಗಿ ಹೇಳುತ್ತೇವೆ. ಸುಕ್ರಿಯನ್ನು ಮಾತ್ರ ಕೊನೆಗೆ ಕರೆಯಿರಿ. ಅವಳ ಮಾತು ಸ್ವಲ್ಪ ಉದ್ದ, ಈ ಸಲ ಪೂರ್ತಿ ಹೇಳಿಯೇ ಏಳುತ್ತಾಳಂತೆ.