ನಮ್ಮ ಯಜಮಾನರನ್ನು ಗುರುತಿಸದ ಲೈಬ್ರರಿಯವರಿಗೆ

ಮಾನ್ಯ ಪಿಎಚ್‌ಪಿ ಡೇಟಾಬೇಸ್ ಮ್ಯಾಪಿಂಗ್ ಲೈಬ್ರರಿಯವರೇ,

ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದ ಹೆಂಗಸೊಬ್ಬಳು ಮೈಸೂರಿನ ವಿಜಯನಗರದಿಂದ ಮಾಡುವ ನಮಸ್ಕಾರಗಳು. ತಾವೂ ತಮ್ಮ ಸಕಲ ಆವೃತ್ತಿಗಳೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಯಜಮಾನರು ಹದಿನಾಲ್ಕು ವರ್ಷ ನಮ್ಮ ಬಡಾವಣೆಯ ಬೀದಿಮರಗಳು ಚಿಗುರಿದ, ಹೂಬಿಟ್ಟ ದಿನಗಳನ್ನು ಸ್ವತಃ ಕಟ್ಟಿದ ವೆಬ್‌ಸೈಟಿನಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಐದನೇ ತಿಂಗಳಿಗೆ ಸರ್ವರಿನವರು ಸೈಟನ್ನು ನಡೆಸುವ ಪಿಎಚ್‌ಪಿ ಭಾಷೆಯನ್ನು ಹೊಸದು ಮಾಡಿದರು, ಸೈಟು ಮುಚ್ಚಿಕೊಂಡಿತು. ಬರೆದದ್ದೆಲ್ಲ ಒಳಗೆ ಭದ್ರವಾಗಿದೆ, ಅದನ್ನು ತೆಗೆದುಕೊಡುವ ತಂತ್ರಾಂಶವಾದ ತಮ್ಮನ್ನು ಹೊಸದಾಗಿ ಕೂರಿಸಿದರೆ ಸಾಕು ಎಂದು ಎದುರು ಮನೆಯ ಲಾಸ್ಯ ಹೇಳಿದಳು. ಅವರು ಕೊನೆಗೆ ಏನು ಬರೆದಿದ್ದರೆಂದು ನೋಡಬೇಕಿತ್ತು, ಅಷ್ಟೆ.

ಅವಳು ಬರೆದುಕೊಟ್ಟಂತೆ ತಮ್ಮೊಬ್ಬರನ್ನು ಕರೆದರೆ ಮೂವತ್ತೊಂದು ಪ್ಯಾಕೇಜುಗಳನ್ನು ಜೊತೆಗೆ ಕರೆತಂದಿರಿ. ಹೆಣ್ಣು ನೋಡಲು ಎರಡು ವ್ಯಾನು ತುಂಬ ಬರುವ ಗಂಡಿನ ಕಡೆಯವರಲ್ಲೂ ಇಂಥ ಔದಾರ್ಯ ಕಂಡಿಲ್ಲ. ಎಲ್ಲರಿಗೂ ಜಾಗ ಮಾಡಿಕೊಟ್ಟ ಮೇಲೆ, ಬಳಕೆದಾರ ಯಾರು ಎಂದು ವಿಚಾರಿಸಿದಿರಿ. ಯಜಮಾನರ ನೋಟ್‌ಬುಕ್ಕಿನಲ್ಲಿ ಪಾಸ್‌ವರ್ಡಿನ ಜೊತೆಗೆ 'ಬಳಕೆದಾರ: ನನ್ನ ಹೆಸರು' ಎಂದಿತ್ತು. ಗಂಡನ ಹೆಸರನ್ನು ಹೇಳಬಾರದು, ಬರೆಯಬಾರದು ಎಂದು ಕಲಿತು ಬೆಳೆದವಳು ನಾನು. ಮರಣ ಪ್ರಮಾಣಪತ್ರದ ಅರ್ಜಿಯನ್ನೂ ಮೈದುನನೇ ತುಂಬಿದ. ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ 'ಯಜಮಾನರು' ಎಂದು ಒತ್ತಿದೆ. ತಾವು ಹನ್ನೊಂದು ಸಲ ಪ್ರವೇಶ ನಿರಾಕರಿಸಿದಿರಿ. ಪ್ರತಿ ಸಲವೂ ನಲವತ್ತು ಸಾಲಿನ ವಿವರಣೆ ದಯಪಾಲಿಸಿದಿರಿ, ನನಗೆ ಅರ್ಥವಾಗುವ ಒಂದು ಸಾಲನ್ನು ಮಾತ್ರ ಬಿಟ್ಟು.

ಲಾಸ್ಯ ಬಂದು ನೋಡಿ ಮೊದಲು ನಕ್ಕಳು, ಆಮೇಲೆ ಮೆತ್ತಗೆ ಅಂದಳು: "ಯಜಮಾನರು ಅಂದ್ರೆ ಅದ್ಕೆ ಯಾರು ಅಂತ ಗೊತ್ತಾಗಲ್ಲ ಆಂಟಿ. ಅಂಕಲ್ ಹೆಸ್ರು ಹಾಕ್ಬುಡಿ."

ನೀನೇ ಹಾಕಮ್ಮ ಎಂದೆ. ಅವಳು ಕೀಬೋರ್ಡನ್ನು ನನ್ನ ಕಡೆಗೇ ಸರಿಸಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಬರೆದೆ. ಅಮರೇಶ್.

ತಕ್ಷಣ ಬಾಗಿಲು ತೆರೆದಿರಿ. ಅವರ ಕೊನೆಯ ಸಾಲು ಇದು: 'ಮನೆ ಮುಂದಿನ ಹೊಂಗೆ ಚಿಗುರಿದೆ. ಮಂಗಳಾ ಒಪ್ಪುತ್ತಿಲ್ಲ.'

ಸರ್ವಶಕ್ತರಾದ ತಮ್ಮಲ್ಲಿ ಒಂದು ಸಣ್ಣ ವಿನಂತಿ: ಚಿಗುರಿಲ್ಲವೆಂದು ನಾನು ಹಟ ಹಿಡಿದ ಆ ಬೆಳಗಿಗೆ ಹಿಂದಿರುಗುವ ಕಮಾಂಡ್ ಒಂದನ್ನು ದಯವಿಟ್ಟು ಸೇರಿಸಿ. ಹೋಗಿ ಒಪ್ಪಿಕೊಂಡು ಬರುತ್ತೇನೆ.

ಹನ್ನೊಂದು ಸಲ ಹೊರಗೆ ನಿಂತ ತಮ್ಮ ವಿಶ್ವಾಸಿ,
ಸರ್ವಮಂಗಳಾ ಅಮರೇಶ್

ಮರೆತಿದ್ದೆ: ತಮ್ಮ ಹೊಸ ಆವೃತ್ತಿ ಬಂದಿದೆಯೆಂದು ಇವತ್ತೇ ಸೂಚನೆ ಕಳಿಸಿದ್ದೀರಿ. ಹಳೆಯದಕ್ಕೆ ಇನ್ನು ಬೆಂಬಲವಿಲ್ಲವಂತೆ. ನನಗೂ ಇಲ್ಲ. ನಡೆಯುತ್ತಿದ್ದೇನಲ್ಲ.